ನಂಬರ್ ಪ್ಲೇಟ್ ಬದಲಾದ ಮೇಲೆ ರಸ್ತೆ ತೆರೆಯಿತು

1995ರ ಕೊನೆಗೆ ಯುರೋಪಿನ ಬೋಸ್ನಿಯಾದಲ್ಲಿ ಸರ್ಬರು, ಕ್ರೊವಾಟರು, ಬೋಸ್ನಿಯಾಕ್ ಮುಸ್ಲಿಮರ ನಡುವಿನ ಯುದ್ಧ ನಿಂತಿತು. ಮೂರೂವರೆ ವರ್ಷದಲ್ಲಿ ಸುಮಾರು 1 ಲಕ್ಷ ಜನ ಸತ್ತಿದ್ದರು. 20 ಲಕ್ಷಕ್ಕೂ ಜಾಸ್ತಿ ಜನ ಮನೆಮಠ ಬಿಟ್ಟು ಓಡಿದ್ದರು. ಗುಂಡಿನ ಸದ್ದು ನಿಂತ ಮೇಲೂ ಜನ ಪಕ್ಕದ ಊರಿಗೆ ಕಾರಿನಲ್ಲಿ ಹೋಗಲು ಹೆದರುತ್ತಿದ್ದರು. ಕಾರಣ, ನಂಬರ್ ಪ್ಲೇಟು. ಸರ್ಬರ ಪ್ರದೇಶದ ಪ್ಲೇಟಿನಲ್ಲಿ ರಷ್ಯನ್ ಬರವಣಿಗೆಯ ಥರದ ಸಿರಿಲಿಕ್ ಅಕ್ಷರ. ಕ್ರೊವಾಟರದರಲ್ಲಿ ಕೆಂಪು-ಬಿಳಿ ಚೌಕಳಿಯ ಲಾಂಛನ. ಬೋಸ್ನಿಯಾಕ್ ಮುಸ್ಲಿಮರದರಲ್ಲಿ ಲಿಲಿ ಹೂವು. ಕಾರಿನಲ್ಲಿ ಕೂತವರು ಯಾರ ಕಡೆಯವರು ಅಂತ ದೂರದಿಂದಲೇ ಗೊತ್ತಾಗುತ್ತಿತ್ತು. ಪೊಲೀಸರು ತಡೆಯುತ್ತಿದ್ದರು, ಕಲ್ಲೂ ಬೀಳುತ್ತಿತ್ತು.

1998ರಲ್ಲಿ ಇಡೀ ದೇಶಕ್ಕೆ ಒಂದೇ ಬಗೆಯ ಪ್ಲೇಟು ಬಂತು. ಅದರಲ್ಲಿ ಲ್ಯಾಟಿನ್ ಮತ್ತು ಸಿರಿಲಿಕ್ ಎರಡೂ ಲಿಪಿಗಳಲ್ಲಿ ಒಂದೇ ಥರ ಕಾಣುವ ಅಕ್ಷರಗಳನ್ನಷ್ಟೇ ಇಟ್ಟುಕೊಂಡರು: ಎ, ಇ, ಜೆ, ಕೆ, ಎಂ, ಓ, ಟಿ. ಗಾಡಿ ಯಾವ ಊರಿನದು ಅನ್ನುವ ಸುಳಿವೂ ಇಲ್ಲ. ದೇಶದೊಳಗಿನ ಎರಡು ಆಡಳಿತ ಭಾಗಗಳ ನಡುವಿನ, ಸಾವಿರ ಕಿಲೋಮೀಟರಿಗೂ ಉದ್ದದ ಗಡಿಯನ್ನು ದಾಟುವ ವಾಹನಗಳು ಬೇಗನೆ ಹೆಚ್ಚಾದವು. ನೇಟೊ ನೇತೃತ್ವದ 60,000 ಸೈನಿಕರು ಬಂದು ಕೂತರೂ ಹುಟ್ಟದ ಧೈರ್ಯ, ಒಂದು ತಗಡಿನ ತುಂಡು ಬದಲಾದಾಗ ಹುಟ್ಟಿತು.

ಶಾಂತಿ ಒಪ್ಪಂದ ಅಂದ ಕೂಡಲೇ ಎಲ್ಲರೂ ಕೇಳುವುದು ಯಾರಿಗೆ ಎಷ್ಟು ಪಾಲು ಅಂತ. ಅಮೆರಿಕದ ಡೇಟನ್ ಬಳಿಯ ವಾಯುನೆಲೆಯಲ್ಲಿ ಕುದುರಿದ ಒಪ್ಪಂದವೂ ಹಾಗೇ ಲೆಕ್ಕ ಹಾಕಿತು. 51 ಶೇಕಡಾ ನೆಲ ಬೋಸ್ನಿಯಾಕ್-ಕ್ರೊವಾಟ್ ಫೆಡರೇಷನ್ನಿಗೆ, 49 ಶೇಕಡಾ ಸರ್ಬರ ರಿಪಬ್ಲಿಕಾ ಸರ್ಪ್ಸ್ಕಾಗೆ. ಅಧ್ಯಕ್ಷ ಸ್ಥಾನದಲ್ಲಿ ಮೂವರು, ಜನಾಂಗಕ್ಕೆ ಒಬ್ಬರಂತೆ, ಎಂಟೆಂಟು ತಿಂಗಳಿಗೆ ಸರದಿ. ಮೇಲ್ಮನೆಯಲ್ಲಿ ಮೂರೂ ಜನಾಂಗಕ್ಕೆ ಐದೈದು ಕುರ್ಚಿ. ನಮ್ಮವರ ಹಿತಕ್ಕೆ ಧಕ್ಕೆ ಅಂತ ಹೇಳಿ ಯಾವ ಕಡೆಯವರೂ ಮಸೂದೆಗೆ ಅಡ್ಡಗಾಲು ಹಾಕಬಹುದು.

ಇದರ ಹಿಂದೆ ಒಂದು ಸಿದ್ಧಾಂತವಿದೆ. ರಾಜಕೀಯ ವಿಜ್ಞಾನಿ ಅರೆಂಡ್ ಲೈಪ್‌ಹಾರ್ಟ್ ಹೇಳುವಂತೆ, ಒಡೆದ ಸಮಾಜದಲ್ಲಿ ಬರೀ ಬಹುಮತದ ಆಳ್ವಿಕೆ ನಡೆಯುವುದಿಲ್ಲ. ಎಲ್ಲ ಗುಂಪಿಗೂ ಸರ್ಕಾರದಲ್ಲಿ ಜಾಗ ಬೇಕು, ತಡೆಯುವ ಹಕ್ಕೂ ಬೇಕು. ಡೊನಾಲ್ಡ್ ಹೊರೊವಿಟ್ಜ್ ಇದನ್ನು ಒಪ್ಪುವುದಿಲ್ಲ. ಗೆಲ್ಲಬೇಕಾದರೆ ಬೇರೆ ಗುಂಪಿನವರ ಮತವನ್ನೂ ಕೇಳಲೇಬೇಕು ಅನ್ನುವಂಥ ಚುನಾವಣೆ ಇರಬೇಕು, ಆಗ ಮಾತ್ರ ನಾಯಕರ ನಾಲಿಗೆ ಮೆದುವಾಗುತ್ತದೆ ಅನ್ನುವುದು ಅವರ ವಾದ.

ರಕ್ತ ಹರಿಯುವಾಗ ಲೈಪ್‌ಹಾರ್ಟ್ ದಾರಿ ಬಿಟ್ಟು ಬೇರೆ ದಾರಿ ಇರಲಿಲ್ಲ, ಇದನ್ನು ಒಪ್ಪಲೇಬೇಕು. ಸೋತರೆ ಸಾಯುತ್ತೇವೆ ಅಂದುಕೊಂಡವನು ಬಂದೂಕು ಕೆಳಗಿಡುವುದು ಹೇಗೆ? ತೊಂದರೆ ಆಮೇಲೆ ಶುರುವಾಗುತ್ತದೆ. ಸರ್ಬ್ ನಾಯಕನಿಗೆ ಸರ್ಬರ ವೋಟಷ್ಟೇ ಸಾಕಾದರೆ, ಆಸ್ಪತ್ರೆ, ರಸ್ತೆಯ ಬಗ್ಗೆ ಮಾತಾಡಿ ಅವನಿಗೇನು ಲಾಭ? ಭಯ ಹುಟ್ಟಿಸಿದರೆ ಸಾಕಲ್ವಾ? ಉಳಿದಿಬ್ಬರ ಕಥೆಯೂ ಅಷ್ಟೇ. ಫೆಡರೇಷನ್ನಿನಲ್ಲಿ ಮತದಾರರು ಮೂವರು ಅಧ್ಯಕ್ಷರ ಪೈಕಿ ಬೋಸ್ನಿಯಾಕ್ ಅಥವಾ ಕ್ರೊವಾಟ್ ಸ್ಥಾನ ಎರಡರಲ್ಲಿ ಯಾವುದಕ್ಕಾದರೂ ವೋಟು ಹಾಕಬಹುದು. ಜೆಲ್ಕೊ ಕೊಮ್‌ಶಿಚ್ 2006ರಿಂದ ನಾಲ್ಕು ಸಲ ಕ್ರೊವಾಟ್ ಸ್ಥಾನ ಗೆದ್ದಿದ್ದಾರೆ. ಅವರಿಗೆ ಬೋಸ್ನಿಯಾಕರ ವೋಟೂ ಧಾರಾಳವಾಗಿ ಬಿತ್ತು. ಬೇರೆ ಗುಂಪಿನ ಮತ ಗಳಿಸುವುದು ಒಳ್ಳೆಯದೇ ತಾನೆ? ಆದರೆ ಪಾಲಿನ ಲೆಕ್ಕದಲ್ಲಿ ಕಟ್ಟಿದ ವ್ಯವಸ್ಥೆಯಲ್ಲಿ ಅದು ಕಳ್ಳತನವಾಗಿ ಕಂಡಿತು. ತಮ್ಮ ಕುರ್ಚಿಯನ್ನು ಬೇರೆಯವರು ಕಿತ್ತುಕೊಂಡರು ಎಂದು ಕ್ರೊವಾಟ್ ಪಕ್ಷಗಳು ಇವತ್ತಿಗೂ ದೂರುತ್ತವೆ.

ಮೂರರಲ್ಲಿ ಯಾವುದಕ್ಕೂ ಸೇರದವರ ಗತಿ? ಡೆರ್ವೊ ಸೆಯ್ದಿಚ್ ರೋಮಾ ಸಮುದಾಯದವರು. ಯಾಕೊಬ್ ಫಿಂತ್ಸಿ ಯಹೂದಿ. ಇಬ್ಬರೂ ತಮ್ಮದೇ ದೇಶದ ಅಧ್ಯಕ್ಷ ಸ್ಥಾನಕ್ಕೆ ನಿಲ್ಲುವ ಹಾಗಿಲ್ಲ! 2009ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಇದು ತಾರತಮ್ಯ ಅಂತ ತೀರ್ಪು ಕೊಟ್ಟಿತು. ಹದಿನೈದು ವರ್ಷ ದಾಟಿದರೂ ಸಂವಿಧಾನ ಬದಲಾಗಲಿಲ್ಲ. ಬದಲಿಸಬೇಕಾದವರು ಅದೇ ಸಂವಿಧಾನದಿಂದ ಕುರ್ಚಿ ಪಡೆದವರು.

ಹಾಗಾದರೆ ಕೈಹಿಡಿದದ್ದು ಯಾವುದು? ಮನೆಗಳು. ಓಡಿಹೋದವರ ಮನೆಗಳಲ್ಲಿ ಇನ್ನೊಂದು ಕಡೆಯಿಂದ ಓಡಿಬಂದವರು ಸೇರಿಕೊಂಡಿದ್ದರು. ಊರಿನ ಅಧಿಕಾರಿಗಳು ಬೇಕಂತಲೇ ಕಡತ ಮುಂದೆ ಸರಿಸುತ್ತಿರಲಿಲ್ಲ. ಒಪ್ಪಂದದ ಜಾರಿ ನೋಡಿಕೊಳ್ಳಲು ಬಂದಿದ್ದ ಅಂತರರಾಷ್ಟ್ರೀಯ ಪ್ರತಿನಿಧಿ 1999ರ ನವೆಂಬರಿನಲ್ಲಿ ಒಂದೇ ಏಟಿಗೆ 22 ಮಂದಿಯನ್ನು ಹುದ್ದೆಯಿಂದ ತೆಗೆದುಹಾಕಿದರು. ಆಮೇಲೆ ಕಡತ ಓಡತೊಡಗಿತು. ಸುಮಾರು 2 ಲಕ್ಷ ಮನೆ, ಫ್ಲ್ಯಾಟುಗಳು ಮೂಲ ಮಾಲೀಕರ ಕೈಗೆ ಬಂದವು. ಎಷ್ಟೋ ಜನ ಮಾರಿಕೊಂಡು ಬೇರೆಡೆ ನೆಲೆಸಿದರು, ನಿಜ. ಆದರೆ ಉಳಿಯುವುದೋ ಹೋಗುವುದೋ ಅನ್ನುವ ತೀರ್ಮಾನ ಅವರದೇ ಆಯಿತು. ಯುದ್ಧ ಕಸಿದುಕೊಂಡಿದ್ದು ಅದನ್ನೇ.

ಇನ್ನೊಂದು, ಸಾವಾ ನದಿ ದಡದ ಬರ್ಚ್ಕೊ ಪಟ್ಟಣ. ಡೇಟನ್ನಿನಲ್ಲಿ ಮಾತುಕತೆ ಮುರಿಯುವ ಹಂತಕ್ಕೆ ಹೋಗಿದ್ದೇ ಈ ಊರಿಗಾಗಿ. ಕೊನೆಗೆ ಮಧ್ಯಸ್ಥಿಕೆಗೆ ಬಿಟ್ಟರು. 2000ದಲ್ಲಿ ಅದು ಫೆಡರೇಷನ್, ರಿಪಬ್ಲಿಕಾ ಸರ್ಪ್ಸ್ಕಾ ಎರಡರ ಹಿಡಿತಕ್ಕೂ ಸಿಗದ ಸ್ವಂತ ಆಡಳಿತದ ಜಿಲ್ಲೆಯಾಯಿತು. ಮೂರೂ ಜನಾಂಗದ ಪೊಲೀಸರು ಒಂದೇ ಠಾಣೆಗೆ ಬಂದರು. ಒಂದೇ ಶಾಲೆ ಅಂದಾಗ ವಿದ್ಯಾರ್ಥಿಗಳೇ ಬೀದಿಗಿಳಿದು ಗಲಾಟೆ ಮಾಡಿದರು. ಆದರೂ ಬಿಡಲಿಲ್ಲ. ಇವತ್ತು ಅಲ್ಲಿನ ಮಕ್ಕಳು ಬಹುತೇಕ ಪಾಠಗಳನ್ನು ಒಂದೇ ಕೋಣೆಯಲ್ಲಿ ಕೂತು ಕೇಳುತ್ತಾರೆ. ಫೆಡರೇಷನ್ನಿನ ಹಲವು ಊರುಗಳಲ್ಲಿ ಮಾತ್ರ ಒಂದೇ ಕಟ್ಟಡದಲ್ಲಿ ಎರಡು ಶಾಲೆ. ಪಠ್ಯ ಬೇರೆ, ಮೇಷ್ಟ್ರು ಬೇರೆ, ಕೆಲವು ಕಡೆ ಬಾಗಿಲೂ ಬೇರೆ.

2016ರಲ್ಲಿ ಯಾಯ್ತ್ಸೆ ಎಂಬ ಸಣ್ಣ ಪಟ್ಟಣದಲ್ಲೂ ಹೈಸ್ಕೂಲ್ ಮಕ್ಕಳನ್ನು ಹೀಗೆ ಜನಾಂಗದ ಪ್ರಕಾರ ಬೇರೆ ಮಾಡಲು ಸರ್ಕಾರ ಹೊರಟಿತು. ಬೋಸ್ನಿಯಾಕ್ ಮಕ್ಕಳಿಗೆ ಬೇರೆ ಶಾಲೆ ಕೊಡುತ್ತೇವೆ ಅಂದರು. ಬೋಸ್ನಿಯಾಕ್, ಕ್ರೊವಾಟ್ ಮಕ್ಕಳಿಬ್ಬರೂ ಸೇರಿ ಬೀದಿಗಿಳಿದರು, ಬೇಡ ಅಂದರು. ಸರ್ಕಾರ ಹಿಂದೆ ಸರಿಯಿತು. ಅವರೆಲ್ಲ ಯುದ್ಧ ಮುಗಿದ ಮೇಲೆ ಹುಟ್ಟಿದವರು. ವೋಟಿನ ವಯಸ್ಸಿಗೆ ಬಂದಾಗ ಅವರ ಕೈಗೆ ಸಿಕ್ಕಿದ್ದು ಮಾತ್ರ ಡೇಟನ್ನಿನ ಅದೇ ಮತಪತ್ರ.