ಲೈಸೆನ್ಸ್ ಹೆಚ್ಚಿಸಬೇಕೋ, ನಂಬರ್ ಹೆಚ್ಚಿಸಬೇಕೋ?

ಪ್ರಶ್ನೆ: ದಾವಣಗೆರೆಯಲ್ಲಿ ನಮ್ಮದೊಂದು ರಕ್ತಪರೀಕ್ಷೆ ಲ್ಯಾಬ್ ಇದೆ. ಈಗ ಹರಿಹರದಲ್ಲೂ ಕಲೆಕ್ಷನ್ ಸೆಂಟರ್ ತೆರೆದಿದ್ದೇವೆ. ಇಲ್ಲಿ ಮೂವರು, ಅಲ್ಲಿ ಇಬ್ಬರು ಫೋನ್ ತೆಗೆಯುತ್ತಾರೆ. ಲೈನ್ ಸದಾ ಬ್ಯುಸಿ ಎಂದು ದೂರು. ಕ್ಲೌಡ್ ಫೋನ್ (ಇಂಟರ್ನೆಟ್ ಮೂಲಕ ನಡೆಯುವ ಫೋನ್ ವ್ಯವಸ್ಥೆ) ಮಾರುವವರು ಐದು ಯೂಸರ್ ಲೈಸೆನ್ಸ್ ತಗೊಳ್ಳಿ ಅಂತಾರೆ. ಇನ್ನೆರಡು ನಂಬರ್ ತಗೊಂಡರೆ ಸಾಲದೇ?

ಉತ್ತರ: ನಂಬರ್ ಇರುವುದು ಕರೆ ಮಾಡುವವರಿಗೆ, ಲೈಸೆನ್ಸ್ ಇರುವುದು ಫೋನ್ ತೆಗೆಯುವವರಿಗೆ. ನಿಮ್ಮ ತೊಂದರೆಗೆ ಇವೆರಡೂ ಮದ್ದಲ್ಲ. ಲೈನ್ ಬ್ಯುಸಿ ಬರುವುದು ಚಾನೆಲ್ ಸಾಲದಾಗ, ಅಂದರೆ ಏಕಕಾಲಕ್ಕೆ ನಡೆಯಬಲ್ಲ ಕರೆಗಳ ಮಿತಿ ಮುಗಿದಾಗ. ಚಾನೆಲ್ ಎರಡೇ ಇದ್ದರೆ ಹತ್ತು ನಂಬರ್ ಕೊಂಡರೂ ಮೂರನೆಯ ಕರೆ ಒಳಗೆ ಬರುವುದಿಲ್ಲ. ಹಳೆಯ ಪಿಆರ್‌ಐ ಲೈನಿನಲ್ಲಿ, ಅಂದರೆ ಕಚೇರಿಗಳಿಗೆ ಕೊಡುವ ಡಿಜಿಟಲ್ ಫೋನ್ ಲೈನಿನಲ್ಲಿ, 30 ಚಾನೆಲ್ ಒಟ್ಟಿಗೇ ಬರುತ್ತಿದ್ದವು. ಎಸ್‌ಐಪಿ ಲೈನಿನಲ್ಲಿ, ಅಂದರೆ ಇಂಟರ್ನೆಟ್ ಮೂಲಕ ನಡೆಯುವ ಲೈನಿನಲ್ಲಿ, ಬೇಕಾದಷ್ಟೇ ಕೊಳ್ಳಬಹುದು.

ಎಷ್ಟು ಬೇಕು? ಡೆನ್ಮಾರ್ಕಿನ ಗಣಿತಜ್ಞ ಎರ್ಲಾಂಗ್ 1917ರಲ್ಲೇ ಇದಕ್ಕೆ ಸೂತ್ರ ಕೊಟ್ಟಿದ್ದಾರೆ. ನಿಮಗೆ ಗದ್ದಲದ ಹೊತ್ತೆಂದರೆ, ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡುವವರು ವಿಚಾರಿಸುವ ಬೆಳಗಿನ ಹೊತ್ತು. ಆ ಒಂದು ಗಂಟೆಯಲ್ಲಿ 20 ಕರೆ, ಒಂದೊಂದು ಮೂರು ನಿಮಿಷ ಎಂದಿಟ್ಟುಕೊಳ್ಳಿ. ಎರಡು ಚಾನೆಲ್ ಇದ್ದರೆ ಐದರಲ್ಲಿ ಒಂದು ಕರೆಗೆ ಬ್ಯುಸಿ ಟೋನ್. ಮೂರಕ್ಕೆ ಏರಿಸಿದರೆ ಹದಿನಾರರಲ್ಲಿ ಒಂದು. ನಾಲ್ಕಾದರೆ ನೂರರಲ್ಲಿ ಒಂದೋ ಎರಡೋ. ಆ ಬ್ಯುಸಿ ಟೋನ್ ಕೇಳಿದವರು ವರದಿಗಾಗಿ ಕಾಯುತ್ತಿರುವ ರೋಗಿಯ ಮನೆಯವರೂ ಆಗಿರಬಹುದು, ಅದಕ್ಕೇ ನಾಲ್ಕೇ ಇರಲಿ ಎನ್ನುತ್ತೇನೆ. ಒಂದು ಎಚ್ಚರಿಕೆ: ಕರೆಯನ್ನು ಸಿಬ್ಬಂದಿಯ ಮೊಬೈಲಿಗೆ ತಿರುಗಿಸಿದರೆ ಸಾಮಾನ್ಯವಾಗಿ ಒಳಬರಲು ಒಂದು, ಹೊರಹೋಗಲು ಒಂದು, ಹೀಗೆ ಎರಡು ಚಾನೆಲ್ ಹಿಡಿಯುತ್ತದೆ.

ಲೈಸೆನ್ಸಿಗೆ ಬಂದರೆ, ಎಣಿಸಬೇಕಾದ್ದು ಒಂದೇ ಹೊತ್ತಿನಲ್ಲಿ ಫೋನ್ ಹಿಡಿಯುವವರನ್ನು. ಹರಿಹರದ ಇಬ್ಬರಲ್ಲಿ ಒಬ್ಬರು ರಕ್ತ ತೆಗೆಯುತ್ತಿದ್ದರೆ ಅಲ್ಲಿಗೆ ಒಂದು ಸಾಕು. ಆದರೆ ಲೈಸೆನ್ಸನ್ನು ಆಳಿಗೆ ಲೆಕ್ಕ ಹಾಕುತ್ತಾರೋ ಫೋನಿಗೋ ಎಂದು ಮೊದಲೇ ಕೇಳಿ. ಪಾಳಿ ಮೇಲೆ ಒಂದೇ ಕೌಂಟರ್ ಫೋನ್ ಬಳಸುವವರಿಗೆ ಇದರಿಂದ ಬಿಲ್ಲೇ ಬದಲಾಗುತ್ತದೆ.

ಹೊಸ ನಂಬರ್ ಒಂದು ಖಂಡಿತ ಬೇಕು, ಹರಿಹರಕ್ಕೆ. ಅಲ್ಲಿನವರು ಯಾರನ್ನು ಕೇಳಬೇಕೆಂದು ತಡಕಾಡಬಾರದು. ಅದು ಸಂಸ್ಥೆಯ ಹೆಸರಿನಲ್ಲೇ ಇರಲಿ, ಕೆಲಸದ ಹುಡುಗನ ಆಧಾರ್ ಕೊಟ್ಟು ಪಡೆದ ಸಿಮ್ ಅವನೊಂದಿಗೇ ಹೊರಟುಹೋಗುತ್ತದೆ. ಹಳೆಯ ಲ್ಯಾಂಡ್‌ಲೈನ್ ನಂಬರನ್ನು ಮಾತ್ರ ಬಿಡಬೇಡಿ. ಮೊಬೈಲಿನಂತೆ ಅದನ್ನು ಬೇರೆ ಕಂಪನಿಗೆ ಪೋರ್ಟ್ ಮಾಡಲಾಗದು, ಡಾಕ್ಟರುಗಳ ಚೀಟಿಯಲ್ಲಿ, ಹಳೆಯ ವರದಿಗಳಲ್ಲಿ ಇರುವುದೂ ಅದೇ. ಬಾಡಿಗೆ ಕಟ್ಟಿ ಉಳಿಸಿಕೊಂಡು, ಅದರ ಕರೆಗಳನ್ನು ಕ್ಲೌಡ್ ಫೋನಿನ ನಂಬರಿಗೆ ಫಾರ್ವರ್ಡ್ ಮಾಡಿಸಿ.