ಮೈಕೆಲೆಂಜೆಲೊನ ಪುರಾಣಚಿತ್ರಗಳು: ಮೂಲ ಮತ್ತು ಪ್ರತಿ

1532ರ ಸುಮಾರಿಗೆ ರೋಮಿನಲ್ಲಿ ಪರಿಚಯವಾದ ತೊಮ್ಮಾಸೊ ದೇ ಕವಾಲಿಯೇರಿ ಎಂಬ ಕುಲೀನ ಯುವಕನಿಗೆ ಮೈಕೆಲೆಂಜೆಲೊ ಗ್ರೀಕ್ ಪುರಾಣದ ಕೆಲವು ದೃಶ್ಯಗಳನ್ನು ಕಪ್ಪು ಸೀಮೆಸುಣ್ಣದಲ್ಲಿ ಬಿಡಿಸಿ ಕಾಣಿಕೆಯಾಗಿ ಕೊಟ್ಟನು. ಹದ್ದು ಎತ್ತಿಕೊಂಡು ಹಾರುವ ಗ್ಯಾನಿಮೀಡ್, ಬಂಡೆಗೆ ಬಿಗಿಯಲ್ಪಟ್ಟು ಹಕ್ಕಿಗೆ ಆಹಾರವಾಗುವ ಟಿಟಿಯಸ್, ಸೂರ್ಯರಥದಿಂದ ಉರುಳುವ ಫೇಥಾನ್ ಇವುಗಳಲ್ಲಿ ಮುಖ್ಯವಾದವು. ಇವು ದೊಡ್ಡ ಚಿತ್ರಕ್ಕೆ ಹಾಕಿಕೊಂಡ ಕರಡುಗಳಲ್ಲ, ತಮ್ಮಷ್ಟಕ್ಕೆ ಪೂರ್ಣವಾದ ಕೃತಿಗಳು. ಆದುದರಿಂದಲೇ ಅವುಗಳನ್ನು ನೋಡಿದವರಿಗೆಲ್ಲ ತಮಗೂ ಒಂದು ಬೇಕೆನಿಸಿತು.

1533ರ ಸೆಪ್ಟೆಂಬರಿನಲ್ಲಿ ಕವಾಲಿಯೇರಿ ಮೈಕೆಲೆಂಜೆಲೊನಿಗೆ ಬರೆದ ಪತ್ರ ಈ ಆಸೆಯ ಒತ್ತಡವನ್ನು ಚೆನ್ನಾಗಿ ತೋರಿಸುತ್ತದೆ. ಕಾರ್ಡಿನಲ್ ಇಪ್ಪೊಲಿತೊ ದೇ ಮೆದಿಚಿ ಚಿತ್ರಗಳನ್ನು ನೋಡಿ, ಟಿಟಿಯಸ್ ಮತ್ತು ಗ್ಯಾನಿಮೀಡನ್ನು ಸ್ಫಟಿಕದಲ್ಲಿ ಕೆತ್ತಿಸಲು ಬಯಸಿದನಂತೆ. ಟಿಟಿಯಸ್‌ನ ಕೆತ್ತನೆಯನ್ನು ತಡೆಯಲಾಗದೆ, ಗ್ಯಾನಿಮೀಡನ್ನು ಮಾತ್ರ ಉಳಿಸಿಕೊಳ್ಳಲು ತಾನು ಬಹಳ ಶ್ರಮಪಡಬೇಕಾಯಿತೆಂದು ಕವಾಲಿಯೇರಿ ಹೇಳುತ್ತಾನೆ. ಕೆತ್ತಿದವನು ಜೊವಾನ್ನಿ ಬೆರ್ನಾರ್ದಿ.

ಆ ಕಾಲದ ಸಂಗ್ರಾಹಕರು ಪ್ರತಿಯನ್ನು ಕೀಳೆಂದು ತಳ್ಳಿಹಾಕುತ್ತಿರಲಿಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಫಾರ್ನೇಸೆ ಮನೆತನದ ಆಶ್ರಯದಲ್ಲಿದ್ದ ಸೂಕ್ಷ್ಮಚಿತ್ರಕಾರ ಜೂಲಿಯೊ ಕ್ಲೋವಿಯೊ 1578ರಲ್ಲಿ ತೀರಿಕೊಂಡಾಗ ಮಾಡಿದ ಆಸ್ತಿಪಟ್ಟಿಯಲ್ಲಿ, ಮೈಕೆಲೆಂಜೆಲೊನ ಚಿತ್ರಗಳಿಂದ ಅವನೇ ತೆಗೆದ ಪ್ರತಿಗಳೂ ದಾಖಲಾದವು. ಸಮರ್ಥನ ಕೈಯಿಂದ ಬಂದ ಪ್ರತಿಗೆ ತನ್ನದೇ ಗೌರವವಿತ್ತು.

ಇಂಥ ಪ್ರತಿಗಳಿಂದ ನಮಗೆ ಸಿಗುವ ಲಾಭ ಗ್ಯಾನಿಮೀಡ್‌ನಲ್ಲಿ ಸ್ಪಷ್ಟವಾಗುತ್ತದೆ. ಇಂಗ್ಲೆಂಡಿನ ವಿಂಡ್ಸರ್ ಕೋಟೆಯ ರಾಜಸಂಗ್ರಹದ ಹಾಳೆಯಲ್ಲಿ ಹದ್ದು ಮತ್ತು ಹುಡುಗ ಮಾತ್ರ ಇದ್ದಾರೆ. ಅದು ಪ್ರತಿಯೆಂಬುದು ಸಾಮಾನ್ಯ ಅಭಿಪ್ರಾಯ, ಕ್ಲೋವಿಯೊನ ಕೈಯದೆಂದು ಕೆಲವರ ಊಹೆ. ಹಾರ್ವರ್ಡಿನ ಫಾಗ್ ವಸ್ತುಸಂಗ್ರಹಾಲಯದ ಹಾಳೆಯನ್ನು ಕೆಲವರು ಮೂಲವೆನ್ನುತ್ತಾರೆ, ಕೆಲವರು ಒಪ್ಪುವುದಿಲ್ಲ. ಅದರ ಕೆಳಭಾಗದಲ್ಲಿ ನೆಲವೂ, ಒಡೆಯನತ್ತ ಮುಖವೆತ್ತಿದ ನಾಯಿಯೂ ಇವೆ. ಅದೇ ಕಾಲದ ಮುದ್ರಣಚಿತ್ರಕಾರ ನಿಕೊಲಾ ಬೆಯಾತ್ರಿಝೆಯ ತಾಮ್ರಫಲಕದ ಮುದ್ರಣದಲ್ಲಿಯೂ ಆ ನಾಯಿ ಕಾಣುತ್ತದೆ. ಬೇರೆಬೇರೆ ಮಾಧ್ಯಮದಲ್ಲಿ ಅದೇ ವಿವರ ಮರುಕಳಿಸಿದಾಗ, ಅದು ಮೈಕೆಲೆಂಜೆಲೊನ ರಚನೆಯಲ್ಲಿಯೇ ಇದ್ದಿರಬೇಕೆಂದು ಊಹಿಸಲು ಆಧಾರ ಸಿಗುತ್ತದೆ. ಆಗ ಇದು ಆಕಾಶದ ಆಲಿಂಗನ ಮಾತ್ರವಾಗದೆ, ನೆಲದಲ್ಲಿ ಉಳಿದ ನಾಯಿಯ ಅಗಲಿಕೆಯ ಚಿತ್ರವೂ ಆಗುತ್ತದೆ.

ಟಿಟಿಯಸ್‌ನ ಮೂಲ ವಿಂಡ್ಸರಿನಲ್ಲಿಯೇ ಇದೆ. ಅದರ ಹಿಂಬದಿಗೆ ಮೈಕೆಲೆಂಜೆಲೊ ತನ್ನ ಟಿಟಿಯಸ್‌ನ ಹೊರರೇಖೆಯನ್ನೇ ತೆಗೆದುಕೊಂಡು, ಹಾಳೆಯನ್ನು ತಿರುಗಿಸಿ, ಸಮಾಧಿಯಿಂದ ಏಳುವ ಕ್ರಿಸ್ತನನ್ನಾಗಿ ಮಾಡಿದ್ದಾನೆ.