ಒಂದೇ ಚಿಪ್, ಮೂರು ವೋಲ್ಟೇಜ್, ಕಲಬುರಗಿಯ ಬಿಸಿಲು

ತೊಗರಿ ಹೊಲದಲ್ಲಿ ನಿಲ್ಲಿಸುವ ಹವಾಮಾನ ಪೆಟ್ಟಿಗೆಗೆ 12 ವೋಲ್ಟ್ ಸೋಲಾರ್ ಬ್ಯಾಟರಿಯಿಂದ ಮೊಡೆಮ್‌ಗೆ 5, ಸೆನ್ಸರ್‌ಗೆ 3.3, ಪ್ರೊಸೆಸರ್‌ಗೆ 1.8 ವೋಲ್ಟ್ ಬೇಕು ಅನ್ನೋಣ. ಮೂರು ಬಕ್ ಕನ್ವರ್ಟರ್ (ವೋಲ್ಟೇಜ್ ಇಳಿಸುವ ಸರ್ಕ್ಯೂಟ್) ಒಟ್ಟಿಗಿರುವ ಚಿಪ್ ಹಾಕಿದರೆ ಜಾಗ ಉಳಿಯುತ್ತದೆ, ಆದರೆ ಮೂರರ ಬಿಸಿಯೂ ಒಂದೇ ಕಡೆ ಸೇರುತ್ತದೆ.

ವೋಲ್ಟೇಜ್ ಹೊಂದಿಸುವುದು ಸುಲಭ. ಫೀಡ್‌ಬ್ಯಾಕ್ ಪಿನ್ನಿನ (ಚಿಪ್ ತನ್ನ ಔಟ್‌ಪುಟ್ ನೋಡಿಕೊಳ್ಳುವ ಪಿನ್) ರೆಫರೆನ್ಸ್, ಅಂದರೆ ಹೋಲಿಕೆಯ ವೋಲ್ಟೇಜ್, 0.6 ವೋಲ್ಟ್ ಇದ್ದು, ಪಿನ್ನಿನಿಂದ ಗ್ರೌಂಡಿಗೆ ಹೋಗುವ ಕೆಳಗಿನ ರೆಸಿಸ್ಟರ್ 10 ಕಿಲೋ ಓಮ್ ಆದರೆ, ಔಟ್‌ಪುಟ್ಟಿನಿಂದ ಪಿನ್ನಿಗೆ ಬರುವ ಮೇಲಿನದು 1.8 ವೋಲ್ಟಿಗೆ 20, 3.3ಕ್ಕೆ 45.3, 5ಕ್ಕೆ 73.2 ಕಿಲೋ ಓಮ್. ಒಂದು ಶೇಕಡಾ ವ್ಯತ್ಯಾಸದ ರೆಸಿಸ್ಟರ್‌ಗಳನ್ನೇ ಬಳಸಿ. ಈ ರೆಸಿಸ್ಟರ್‌ಗಳು ಪಿನ್ನಿಗೆ ಅಂಟಿಕೊಂಡಂತಿರಲಿ. ಅವುಗಳ ತಾಮ್ರದ ಗೆರೆ ಕಾಯಿಲ್ (ಇಂಡಕ್ಟರ್) ಪಕ್ಕ ಹಾದರೆ ಔಟ್‌ಪುಟ್ ನಡುಗುತ್ತದೆ.

ಕಾಯಿಲ್‌ಗೆ ಚಾರ್ಜಿಂಗ್ ಹೊತ್ತಿನ 14.4 ವೋಲ್ಟ್ ಹಿಡಿಯಿರಿ. 600 ಕಿಲೋಹರ್ಟ್ಸ್, 0.6 ಆಂಪಿಯರ್ ರಿಪ್ಪಲ್ (ಕಾಯಿಲ್ ಕರೆಂಟಿನ ಏರಿಳಿತ) ಎಂದರೆ 5 ವೋಲ್ಟಿಗೆ 9 ಮೈಕ್ರೋಹೆನ್ರಿ ಬರುತ್ತದೆ, 10 ಹಾಕಿ. ಕಾಯಿಲ್ಲಿನ ಫೆರೈಟ್ ತಿರುಳು ಕಾದಷ್ಟೂ ಬೇಗ ಸ್ಯಾಚುರೇಟ್ ಆಗುವುದರಿಂದ (ಕಾಂತತ್ವ ತುಂಬಿ ಕಾಯಿಲ್ ಕೆಲಸ ಬಿಡುವುದರಿಂದ) ಸ್ಯಾಚುರೇಶನ್ ಕರೆಂಟಿನಲ್ಲಿ ಜಿಪುಣತನ ಬೇಡ. ಇನ್‌ಪುಟ್‌ಗೆ 16 ವೋಲ್ಟಿನ ಸೆರಾಮಿಕ್ ಕೆಪಾಸಿಟರ್ ಹಾಕುವುದು ನಾನು ಒಪ್ಪದ ಉಳಿತಾಯ: 12 ವೋಲ್ಟ್ ಬಿದ್ದಾಗ ಅದರ 10 ಮೈಕ್ರೋಫ್ಯಾರಡ್ ಅರ್ಧಕ್ಕಿಂತ ಕೆಳಗೆ ಇಳಿಯಬಹುದು. 35 ವೋಲ್ಟಿನ ಎಕ್ಸ್7ಆರ್ (ಬಿಸಿಗೆ ಹೆಚ್ಚು ಬದಲಾಗದ ಸೆರಾಮಿಕ್ ಬಗೆ) ತನ್ನಿ.

ಮೂರೂ ಔಟ್‌ಪುಟ್ ಒಟ್ಟಿಗೆ ಏಳಬಾರದು. ಹಳೇ ಬ್ಯಾಟರಿಯ ವೋಲ್ಟೇಜ್ ಆ ಎಳೆತಕ್ಕೆ ಕುಸಿದು, ಚಿಪ್ ಆರಿ, ಮತ್ತೆ ಹೊತ್ತಿ, ಮತ್ತೆ ಆರುತ್ತದೆ. ಪ್ರೊಸೆಸರ್ ಕೈಪಿಡಿ 1.8 ಮೊದಲು ಎಂದರೆ 1.8ರ ಪವರ್‌ಗುಡ್ ಪಿನ್ನಿನಿಂದ (ವೋಲ್ಟೇಜ್ ಸರಿಯಾಗಿದೆ ಎಂದು ಹೇಳುವ ಪಿನ್) 3.3ರ ಎನೇಬಲ್ (ಆನ್ ಮಾಡುವ ಪಿನ್), 3.3ರದ್ದರಿಂದ 5ರ ಎನೇಬಲ್ ಎಳೆಯಿರಿ. ವೋಲ್ಟೇಜನ್ನು ನಿಧಾನಕ್ಕೆ ಏರಿಸುವ ಸಾಫ್ಟ್‌ಸ್ಟಾರ್ಟ್ ಪಿನ್ 5 ಮೈಕ್ರೋಆಂಪಿಯರ್ ಕೊಡುವುದಾದರೆ, ಅಲ್ಲಿಗೆ ಹಾಕಿದ 10 ನ್ಯಾನೋಫ್ಯಾರಡ್ ಕೆಪಾಸಿಟರ್‌ಗೆ ಏರಲು 1.2 ಮಿಲಿಸೆಕೆಂಡ್ ಸಿಗುತ್ತದೆ.

ಈಗ ಬಿಸಿ. ಡೇಟಾಶೀಟಿನ ಗ್ರಾಫ್‌ಗಳು ಹೆಚ್ಚಾಗಿ 25 ಡಿಗ್ರಿಯವು. ಇಲ್ಲಿ ಮೇ ತಿಂಗಳಲ್ಲಿ ನೆರಳಲ್ಲೇ 42 ದಾಟುತ್ತದೆ. ಬಿಸಿಲಿಗೆ ನಿಂತ ಮುಚ್ಚಿದ ಪೆಟ್ಟಿಗೆಯೊಳಗೆ 65 ಎಂದೇ ಹಿಡಿಯಿರಿ. ಚಿಪ್ಪಿನಲ್ಲಿ ಒಂದೂವರೆ ವಾಟ್ ಸುಟ್ಟು, ವಾಟಿಗೆ 40 ಡಿಗ್ರಿ ಏರಿದರೆ 65ಕ್ಕೆ 60 ಕೂಡಿ 125, ಅಂದರೆ ಬಹಳಷ್ಟು ಚಿಪ್‌ಗಳ ಮಿತಿಯ ಅಂಚು. ಮಧ್ಯಾಹ್ನ ಕೆಟ್ಟು ರಾತ್ರಿ ತಾನೇ ಸರಿಹೋಗುವ ಪೆಟ್ಟಿಗೆಯಲ್ಲಿ ಮೊದಲು ಶಂಕಿಸಬೇಕಾದ್ದು ಇದನ್ನೇ. ಚಿಪ್ಪಿನ ಹೊಟ್ಟೆಯ ಪ್ಯಾಡ್ ಕೆಳಗೆ ಒಂಬತ್ತು ಸಣ್ಣ ವಯಾ (ಒಳಗೆ ತಾಮ್ರ ಲೇಪಿಸಿದ ರಂಧ್ರ) ಕೊರೆದು, ಬೋರ್ಡಿನ ಹಿಂಬದಿ ತಾಮ್ರವನ್ನು ಅಗಲವಾಗಿ ಬಿಡಿ. ಏರಿಕೆ ವಾಟಿಗೆ 30 ಡಿಗ್ರಿಗೆ ಇಳಿದರೆ 110ರಲ್ಲಿ ನಿಲ್ಲುತ್ತದೆ.

ಇನ್ನೊಂದು ಮಾತು. ಬ್ಯಾಟರಿ ಟರ್ಮಿನಲ್ ಸಡಿಲವಾದರೆ ಕೆಲವು ಅಗ್ಗದ ಚಾರ್ಜ್ ಕಂಟ್ರೋಲರ್‌ಗಳು ಪ್ಯಾನೆಲ್ಲಿನ 21 ವೋಲ್ಟನ್ನು ನೇರ ದಾಟಿಸುತ್ತವೆ. 18 ವೋಲ್ಟ್ ಮಿತಿಯ ಚಿಪ್ ಅಲ್ಲೇ ಸುಡಬಹುದು. ಹೊಲಕ್ಕೆ 36 ವೋಲ್ಟ್ ತಾಳುವುದನ್ನೇ ಆರಿಸಿ.

ಮೊದಲ ಸಲ ಪವರ್ ಕೊಡುವಾಗ ಬೆಂಚ್ ಸಪ್ಲೈಯ ಕರೆಂಟ್ ಮಿತಿ 300 ಮಿಲಿಆಂಪಿಯರ್ ಇರಲಿ, ಪ್ರೊಸೆಸರ್ ಜೋಡಿಸದೆ ಮೂರೂ ವೋಲ್ಟೇಜ್ ಅಳೆಯಿರಿ. ಆಮೇಲೆ ಪೂರ್ತಿ ಲೋಡ್ ಕೊಟ್ಟು, ಪೆಟ್ಟಿಗೆ ಮುಚ್ಚಿ, ಎರಡು ತಾಸು ಮಧ್ಯಾಹ್ನದ ಬಿಸಿಲಲ್ಲಿಡಿ. ಚಿಪ್ ಮೇಲೆ ಅಂಟಿಸಿದ ಥರ್ಮೋಕಪಲ್ (ಬಿಸಿ ಅಳೆಯುವ ತಂತಿ) 105 ಡಿಗ್ರಿ ದಾಟಿದರೆ 5 ವೋಲ್ಟಿನ ಲೋಡನ್ನು ಬೇರೆ ಚಿಪ್ಪಿಗೆ ಸರಿಸಿ.